ಆಷಾಢದ ಬೂದು ಜಾಕೀಟು

ಗುರುವಾರ ಮಧ್ಯಾಹ್ನ. ಮನೆಯ ಗಂಡಸರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಬಾಣಂತಿಯ ಕೋಣೆಯಿಂದ ಕೂಗು ಕೇಳಿಸಿತು.

“ಅತ್ತೆ! ನನ್ನ ಅಡ್ಡಿಕೆ ಎಲ್ಲಿ? ಇಲ್ಲೇ ಇತ್ತು, ಈಗ ಇಲ್ಲ!”

ತಿರುಮಕೂಡಲು ನರಸೀಪುರದಲ್ಲಿ ಬೆಲ್ಲದ ಮಂಡಿ ನಡೆಸುತ್ತಿದ್ದ ಪುಟ್ಟಬಸವಯ್ಯನವರ ಮನೆ ಅದು. ಕೂಗಿದವಳು ಕಿರಿಯ ಸೊಸೆ ಸರ್ವಮಂಗಳಾ. ತಾಯಿಯಿಲ್ಲದ ಹುಡುಗಿಯಾದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಗಂಡು ಮಗು. ಹುಟ್ಟಿ ಒಂಬತ್ತು ದಿನ. ಅಡ್ಡಿಕೆ ಎಂದರೆ ಕತ್ತಿಗೆ ಬಿಗಿಯಾಗಿ ಕಟ್ಟುವ ಚಿನ್ನದ ಒಡವೆ. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಬಂದದ್ದು. ಹಾಲು ಕುಡಿಸುವಾಗ ಮಗುವಿಗೆ ಒತ್ತುತ್ತದೆ ಎಂದು ಅವಳು ಅದನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು.

ಅತ್ತೆ ಗುರುಬಸಮ್ಮ ಓಡಿ ಬಂದರು. ಹಾಸಿಗೆ ಕೊಡವಿದರು. ತೊಟ್ಟಿಲ ಬಟ್ಟೆ ಮಗುಚಿದರು. ಇಲ್ಲ.

“ಯಾರು ಬಂದಿದ್ದರು ಒಳಗೆ?”

“ಮಿಡ್‌ವೈಫು ಬಂದಿದ್ದರಲ್ಲ, ಈಗ.”

“ಮುತ್ತಮ್ಮನಾ? ಅವಳು ಬೆಳಿಗ್ಗೆಯೇ ಬಂದು ಹೋದಳಲ್ಲ!”

“ಮತ್ತೆ ಬಂದಿದ್ದರು ಅತ್ತೆ. ಅದೇ ಬೂದು ಜಾಕೀಟು. ನನ್ನ ಕಣ್ಣಾರೆ ನೋಡಿದೆ.”

ಹೊತ್ತು ಮುಳುಗುವ ಮೊದಲೇ ಪೊಲೀಸ್ ದಫೇದಾರ್ ಚಾಮಯ್ಯ ಆಸ್ಪತ್ರೆಯ ಎದುರಿನ ಮುತ್ತಮ್ಮನ ಕೋಣೆಗೆ ನುಗ್ಗಿ, ಅವಳ ತಗಡಿನ ಪೆಟ್ಟಿಗೆಯನ್ನು ಬೀದಿಗೆ ತಂದು ಸುರಿದ. ಎರಡು ಬಿಳಿ ಸೀರೆ, ಕತ್ತರಿ, ಮೈಸೂರಿನಲ್ಲಿ ತರಬೇತಿ ಮುಗಿಸಿದಾಗ ಕೊಟ್ಟ ಸರ್ಟಿಫಿಕೇಟು, ಸತ್ತ ಗಂಡನ ಒಂದು ಫೋಟೋ. ಅಡ್ಡಿಕೆ ಸಿಗಲಿಲ್ಲ. ಸಿಗದಿದ್ದರೇನು? ಬೀದಿಯ ಜನ ನೋಡಿದ್ದಾಯಿತು. ಸೋಮವಾರದೊಳಗೆ ಒಡವೆ ಸಿಗದಿದ್ದರೆ ಅವಳ ಹೆಸರು ಅಮಲ್ದಾರರ ಕಚೇರಿಯಿಂದ ಮೈಸೂರಿಗೆ ಹೋಗುತ್ತದೆ, ಕೆಲಸವೂ ಹೋಗುತ್ತದೆ ಎಂದು ಚಾಮಯ್ಯ ಹೇಳಿ ಹೋದ.

ಇದನ್ನೆಲ್ಲ ನಾನು ಆಮೇಲೆ ನಾಲ್ಕಾರು ಬಾಯಿಂದ ಕೇಳಿ ಜೋಡಿಸಿಕೊಂಡದ್ದು. ನನ್ನ ಹೆಸರು ಪುಟ್ಟಗೌರಮ್ಮ. ಆಗ, ಅಂದರೆ ಸಾವಿರದ ಒಂಬೈನೂರ ಹನ್ನೆರಡರಲ್ಲಿ, ನಂಜನಗೂಡಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಿರಿಯ ಉಪಾಧ್ಯಾಯಿನಿ. ನಮ್ಮ ಹೆಡ್ ಮಿಸ್ಟ್ರೆಸ್ಸು ಮಲ್ಲಾಜಮ್ಮನವರು. ನಲವತ್ತು ದಾಟಿದ ವಿಧವೆ, ಗಟ್ಟಿ ಧ್ವನಿ. ಅಂಗಡಿಯಲ್ಲಿ ಬಟ್ಟೆಯ ಒಳಮೈ ತಿರುಗಿಸಿ ಹೊಲಿಗೆ ನೋಡದೆ ಒಂದು ಕರ್ಚೀಫನ್ನೂ ಕೊಂಡವರಲ್ಲ.

ಆ ಬೂದು ಜಾಕೀಟಿನ ಮೂಲವೂ ಅವರೇ. ಕೆಲಸಕ್ಕೆ ಹೋಗುವ ಹೆಂಗಸರು ಏನು ತೊಡಬೇಕು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸೀಮೆಸುಣ್ಣದ ಪುಡಿ, ಆಸ್ಪತ್ರೆಯ ಔಷಧಿ, ಬೀದಿಯ ಗಂಡಸರ ಕಣ್ಣು — ಮೂರನ್ನೂ ತಡೆಯುವಂಥದ್ದು ಬೇಕಿತ್ತು. ಮಲ್ಲಾಜಮ್ಮನವರು ಒಂದು ಸ್ಲೇಟಿನ ಮೇಲೆ ಬರೆದು ತೋರಿಸಿದರು. ರವಿಕೆಯ ಮೇಲೆ ಕೋಟಿನಂತೆ ತೊಡಬೇಕು. ಮಣಿಕಟ್ಟಿನವರೆಗೆ ತೋಳು, ಬೇಕಾದಾಗ ಮಡಚಲು ಗುಂಡಿ, ಬಲಗಡೆ ಸೊಂಟದ ಹತ್ತಿರ ಒಂದು ದೊಡ್ಡ ಜೇಬು. “ಹೆಂಗಸರಿಗೆ ಜೇಬು ಯಾಕವ್ವ?” ಎಂದು ದರ್ಜಿ ಬೋರಯ್ಯ ಕೇಳಿದ್ದನಂತೆ. “ನಿನಗೆ ಯಾಕೋ, ಅದಕ್ಕೇ” ಎಂದಿದ್ದರಂತೆ ಇವರು. ಜವಳಿ ಅಂಗಡಿಯ ಗಂಗಾಧರಸ್ವಾಮಿ ಯುಗಾದಿಗೆ ಒಂದು ಡಜನ್ ಹೊಲಿಸಿದರು. ಎರಡು ತಾಲ್ಲೂಕು ಸೇರಿಸಿದರೂ ಉದ್ಯೋಗಸ್ಥ ಹೆಂಗಸರು ಹತ್ತು ಜನ ಇರಲಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಂಡವರಲ್ಲಿ ನರಸೀಪುರದ ಮುತ್ತಮ್ಮನೂ ಒಬ್ಬಳು; ಕಷ್ಟ ಬಂದರೆ ಮಲ್ಲಾಜಮ್ಮನವರ ಹತ್ತಿರವೇ ಓಡಿ ಬರುವವಳು. ನನ್ನ ಸಂಬಳಕ್ಕೆ ಅದು ಎಟುಕಲಿಲ್ಲ. ಆಷಾಢದವರೆಗೆ ಕಾದೆ.

ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಜವಳಿ ಅಂಗಡಿಯವರು ನೊಣ ಹೊಡೆಯುತ್ತ ಕೂರಬೇಕು. ಗಂಗಾಧರಸ್ವಾಮಿ ಆ ವರ್ಷ ಸೋಮವಾರದಿಂದ ಶನಿವಾರದವರೆಗೆ ಬೆಲೆಯಲ್ಲಿ ಅರ್ಧಕ್ಕರ್ಧ ಸೋಡಿ ಎಂದು ಡಂಗುರ ಹೊಡೆಸಿದರು. ಕೊನೆಯ ದಿನ ಶನಿವಾರ ಬೆಳಿಗ್ಗೆ ನಾನು, ಮಲ್ಲಾಜಮ್ಮನವರು ರಾಶಿಯ ಮುಂದೆ ಕೂತಿದ್ದೆವು. ಗಾಳಿ ಬೀದಿಯ ಧೂಳನ್ನೆಲ್ಲ ಅಂಗಡಿಯೊಳಗೆ ತುಂಬುತ್ತಿತ್ತು. ಸುತ್ತ ಹೆಂಗಸರು ಸೀರೆ ಎಳೆದಾಡುತ್ತಿದ್ದರು.

“ಬೂದು ಜಾಕೀಟು ಉಳಿದಿದೆಯೇನ್ರೀ?” ಎಂದು ಕೇಳಿದೆ.

“ಒಂದೇ ಒಂದು. ಮೂರಿತ್ತು. ಎರಡು ಸೋಮವಾರವೇ ಹೋಯ್ತು.”

“ಯಾರು ಕೊಂಡರು?” ಮಲ್ಲಾಜಮ್ಮನವರಿಗೆ ತಮ್ಮ ಜಾಕೀಟಿನ ಮೇಲೆ ಹೆತ್ತ ತಾಯಿಯ ಕುತೂಹಲ.

“ಒಂದು ನಮ್ಮೂರ ಆಸ್ಪತ್ರೆ ಕಾಂಪೌಂಡರ ಹೆಂಡತಿ. ಇನ್ನೊಂದು ಗೊತ್ತಿಲ್ಲಮ್ಮ. ಸೋಮವಾರ ನಂಜುಂಡೇಶ್ವರನ ದರ್ಶನಕ್ಕೆ ಬಂದ ಜನವೆಲ್ಲ ಇಲ್ಲೇ ಇತ್ತು. ಯಾರ ಗಂಟಿನಲ್ಲಿ ಏನು ಹೋಯ್ತೋ! ಆದರೆ ಒಂದು ಮಾತು. ಆ ಹೆಂಗಸು ಚೌಕಾಸಿ ಮಾಡಲಿಲ್ಲ. ಸೀರೆ ರಾಶಿಯ ಆಚೆಯಿಂದ ಒಂದು ಕೈ ಚಾಚಿತು, ದುಡ್ಡು ಬಂತು, ಜಾಕೀಟು ಹೋಯ್ತು. ಮುಖವೇ ನೋಡಲಿಲ್ಲ ನಾನು.”

“ಸೋಡಿಯ ದಿನ ಚೌಕಾಸಿ ಮಾಡದ ಹೆಂಗಸೇ?” ಮಲ್ಲಾಜಮ್ಮನವರು ನಕ್ಕರು.

ಅಷ್ಟರಲ್ಲಿ ಯಾರೋ ನನ್ನ ಭುಜ ಹಿಡಿದರು. ತಿರುಗಿದರೆ ಮುತ್ತಮ್ಮ. ಸೀರೆಯ ಅಂಚೆಲ್ಲ ಧೂಳು, ಕಣ್ಣು ಕೆಂಪು. ಅವಳ ಮೈಮೇಲೂ ಅದೇ ಬೂದು ಜಾಕೀಟು.

“ಸ್ಕೂಲಿನ ಹತ್ತಿರ ಹೋಗಿದ್ದೆ ಅಮ್ಮ. ಇಲ್ಲಿದ್ದೀರಿ ಅಂದರು. ನನ್ನನ್ನ ಕಳ್ಳಿ ಅಂತಿದಾರೆ.”

ಅಂಗಡಿಯ ಮೂಲೆಯಲ್ಲಿ ನಿಂತೇ ಎಲ್ಲ ಹೇಳಿದಳು. ಕೂರು ಎಂದರೆ ಕೂರಲಿಲ್ಲ.

“ಗುರುವಾರ ಮಧ್ಯಾಹ್ನ ಎಲ್ಲಿದ್ದೆ ನೀನು?”

“ನನ್ನ ಕೋಣೇಲಿ. ಅನ್ನ ಬೇಯಿಸ್ಕೋತಿದ್ದೆ.”

“ನೋಡಿದವರು?”

“ಒಬ್ಬಂಟಿ ಹೆಂಗಸು ಅನ್ನ ಬೇಯಿಸೋದನ್ನ ಯಾರು ನೋಡ್ತಾರೆ ಅಮ್ಮ?” ಅವಳ ಕೈ ಸುಮ್ಮನಿರಲಿಲ್ಲ. ಜೇಬಿನೊಳಗಿದ್ದ ಕತ್ತರಿಯನ್ನು ಹೊರಗೆ ತೆಗೆಯುವಳು, ಒಳಗೆ ಹಾಕುವಳು. “ಕೆಲಸ ಹೋದರೆ ಹೋಗಲಿ ಅನ್ನೋಣ. ಮುಡುಕುತೊರೇಲಿ ಚಿಕ್ಕಮಾದಮ್ಮ ಅನ್ನೋಳಿಗೆ ದಿನ ತುಂಬಿದೆ. ಎರಡು ಮಕ್ಕಳು ಹುಟ್ಟುತ್ತಲೇ ಹೋಗಿವೆ ಅವಳಿಗೆ. ಈ ಸಲ ನಾನಿರ್ತೀನಿ ಅಂತ ಮಾತು ಕೊಟ್ಟಿದ್ದೆ. ನಿನ್ನೆ ಅವಳ ಗಂಡ ಬಂದು, ‘ನೀವ್ ಬರೋದ್ ಬ್ಯಾಡ ಕಣವ್ವ, ಮನೇಲಿ ಒಪ್ತಾ ಇಲ್ಲ’ ಅಂದು ಹೋದ. ಮಗು ಅಡ್ಡ ಇದೆ ಅಂತ ನನಗೆ ಅನುಮಾನ. ನಾನು ಹೋಗದಿದ್ದರೆ...”

ಮಲ್ಲಾಜಮ್ಮನವರು ಎದ್ದು ನಿಂತರು.

“ಗೌರಾ, ಆ ಜಾಕೀಟು ಕಟ್ಟಿಸಿಕೋ. ನಾಳೆ ಬೆಳಗಾಗುತ್ತಲೇ ಹೊರಡೋಕೆ ನರಸೀಪುರಕ್ಕೆ ಗಾಡಿ ಗೊತ್ತು ಮಾಡು.”

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪುಟ್ಟಬಸವಯ್ಯನವರ ಮನೆಯ ಜಗಲಿ ಹತ್ತಿದೆವು. ಮುತ್ತಮ್ಮನನ್ನು ಕಂಡು, ಅಲ್ಲೇ ಕೂತಿದ್ದ ಚಾಮಯ್ಯ ಕೆಂಡವಾದ.

“ಊರ್ ಬಿಟ್ಟು ಓಗ್ಬ್ಯಾಡ ಅಂದಿರ್ನಿಲ್ವ ನಾನು?”

“ನಾನು ಕರೆಸಿದ್ದು ದಫೇದಾರ್ರೇ. ವಾಪಸು ಕರೆತಂದಿದೀನಲ್ಲ. ಬಾಣಂತಿ ಹೇಳಿದ್ದನ್ನ ಬರಕೊಂಡಿದೀರಾ?” ಮಲ್ಲಾಜಮ್ಮನವರು ಸಲೀಸಾಗಿ ಒಂದು ಸುಳ್ಳು ಹೇಳಿ ಮಾತು ತಿರುಗಿಸಿದರು.

“ಓಹೋ. ಮಿಡ್‌ವೈಫು ಬಂದ್ಳು, ಗೂಡಿಂದ ಒಡವೆ ತಗಂಡ್ಳು, ಜೇಬ್ಗೆ ಆಕ್ಕೊಂಡು ಓದ್ಳು. ಮೂರೇ ಸಾಲು.”

ಪುಟ್ಟಬಸವಯ್ಯನವರು ಮುಖ ಸಿಂಡರಿಸಿಕೊಂಡು ಕೂತಿದ್ದರು. ಆದರೆ ಸ್ಕೂಲಿನ ದೊಡ್ಡ ಅಮ್ಮನವರನ್ನು ಬಾಗಿಲಿನಿಂದ ಕಳಿಸುವಷ್ಟು ಧೈರ್ಯ ಅವರಿಗಿರಲಿಲ್ಲ. ಹಿರಿಯ ಸೊಸೆ ರುದ್ರಾಣಿ ನಮಗೆ ಮಜ್ಜಿಗೆ ತಂದುಕೊಟ್ಟಳು. ಇಪ್ಪತ್ತೈದರ ಹೆಂಗಸು, ತೆಳ್ಳಗೆ, ಎತ್ತರ. ತಲೆ ಎತ್ತಿ ನೋಡಲಿಲ್ಲ.

“ಬಾಣಂತಿ ಕೋಣೆಗೆ ಯಾರು ಯಾರು ಹೋಗ್ತಾರೆ?” ಮಲ್ಲಾಜಮ್ಮನವರು ಗುರುಬಸಮ್ಮನವರನ್ನು ಕೇಳಿದರು.

“ನಾನು ಹೋಗ್ತೀನಿ. ಜವರಮ್ಮ ಬಿಸಿನೀರು ತಗೊಂಡು ಹೋಗ್ತಾಳೆ. ಈ ಮಿಡ್‌ವೈಫು. ಇನ್ಯಾರೂ ಇಲ್ಲ.”

“ಹಿರಿಯ ಸೊಸೆ?”

“ಅವಳು ಬೇಡ ಅಂತ ನಾನೇ ಹೇಳಿದೀನಿ. ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಹೊಟ್ಟೆ ತುಂಬಿಲ್ಲ. ಅಂಥವರ ಕಣ್ಣು ಎಳೇ ಮಗುವಿನ ಮೇಲೆ ಬೀಳಬಾರದು ಕಣ್ರೀ.”

ರುದ್ರಾಣಿ ಅಲ್ಲೇ ಇದ್ದಳು. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

“ಗುರುವಾರ ಆ ಹೊತ್ತಿನಲ್ಲಿ ಮನೆಯವರೆಲ್ಲ ಎಲ್ಲಿದ್ದಿರಿ?”

“ನಾನು ಗಂಡಸರಿಗೆ ಬಡಿಸ್ತಿದ್ದೆ. ಅವಳಿಗೆ ತಲೆನೋವು, ಒಳಕೋಣೇಲಿ ಮಲಗಿದ್ದಳು. ಜವರಮ್ಮ ಬಟ್ಟೆ ಒಗೆಯೋಕೆ ಹೊಳೆಗೆ ಹೋಗಿದ್ದಳು.”

ಜವರಮ್ಮ ಹಿತ್ತಿಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದಳು. ಮೊಳಕೈವರೆಗೆ ಹಚ್ಚೆ ಹೊಯ್ಯಿಸಿಕೊಂಡ ಮುದುಕಿ.

“ಹೊಳೆಯಿಂದ ಬರುವಾಗ ಯಾರನ್ನಾದರೂ ನೋಡಿದೆಯಾ ಜವರಮ್ಮ?”

“ಇಲ್ಲ ಕಣವ್ವ. ಇತ್ಲ ಬಾಗ್ಲಲ್ಲೇ ಬಂದೆ. ಒಂದ್ ನರಪಿಳ್ಳೆ ಇರ್ನಿಲ್ಲ.”

“ಮುಂದಿನ ಬೀದಿಯಲ್ಲಿ?”

“ಬೀದೀಲಿ ಬಂದಿದ್ರೆ ಎದುರ್ಗಡೆ ಅಂಗ್ಡಿಯವ್ರು ಬುಟ್ಟಾರಾ? ಆ ಬೂದಿ ಬಣ್ಣದ್ ಅಂಗಿ ತೊಟ್ಕಂಡು ಮುತ್ತಮ್ಮಾರು ಓದ್ರೆ ಊರೇ ತಿರ್ಗಿ ನೋಡ್ತದೆ. ಗುರುವಾರ ಬೆಳಗ್ಗೆ ನೋಡುದ್ರಂತೆ. ಮದ್ಯಾನ ಯಾರೂ ನೋಡ್ನಿಲ್ವಂತೆ.” ಅವಳು ಧ್ವನಿ ತಗ್ಗಿಸಿದಳು. “ಅದು ದೊಡ್ಡವ್ವಾರ, ರುದ್ರಾಣವ್ವಾರ ಕುತ್ಗೇಲಿದ್ದ ಒಡವೆ ಕಣವ್ವ. ಒಂಬತ್ ವರ್ಸ ಅವ್ರೇ ಆಕ್ಕಂಡಿದ್ರು. ಮೊಮ್ಮಗ ಉಟ್ಟಿದ್ ದಿನ ಬಿಚ್ಚುಸ್ಕಂಡು ಚಿಕ್ಕವ್ವಾರ್ಗೆ ಕಟ್ಟುದ್ರು. ಬೋ ಅತ್ರು ಪಾಪ.”

ಮಲ್ಲಾಜಮ್ಮನವರು ಹಿತ್ತಿಲಿನಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದರು. ಆಮೇಲೆ ಬಾಣಂತಿಯ ಕೋಣೆಗೆ ಹೋದೆವು.

ಒಳಗೆ ಕತ್ತಲೆ. ಕಿಟಕಿಗೆ ಕಂಬಳಿ. ಸಾಂಬ್ರಾಣಿ ಹೊಗೆಗೆ ನನ್ನ ಕಣ್ಣು ಉರಿಯಿತು. ಸರ್ವಮಂಗಳಾ ದಿಂಬಿಗೆ ಒರಗಿ ಕೂತಿದ್ದಳು.

“ನೋಡಮ್ಮ, ನಿನ್ನನ್ನ ಸುಳ್ಳಿ ಅನ್ನೋಕೆ ಬಂದಿಲ್ಲ ನಾನು. ಕಂಡದ್ದನ್ನ ಕಂಡ ಹಾಗೇ ಹೇಳು.”

“ಅರೆನಿದ್ದೇಲಿದ್ದೆ. ಮಗು ಕುಂಯ್ ಅಂತು. ಕಣ್ಣು ಬಿಟ್ಟರೆ ಅವರು ಮಗೂನ ಎತ್ಕೊಂಡು ನಿಂತಿದ್ದರು. ನನ್ನ ಕಡೆ ಬೆನ್ನು.”

“ಮುಖ?”

“ಕಾಣಲಿಲ್ಲ. ತಲೆ ತುಂಬ ಸೆರಗು.”

“ಮತ್ತೆ ಮುತ್ತಮ್ಮ ಅಂತ ಹೇಗೆ ಹೇಳಿದೆ?”

“ಜಾಕೀಟು! ಮಣಿಕಟ್ಟಿನವರೆಗೆ ತೋಳು. ಈ ಊರಲ್ಲಿ ಇನ್ಯಾರಿಗಿದೆ ಅದು?”

“ಎಷ್ಟು ಹೊತ್ತು ಎತ್ತಿಕೊಂಡಿದ್ದರು?”

ಅವಳು ಯೋಚಿಸಿದಳು. “ಬಹಳ ಹೊತ್ತು. ಅವರು ಯಾವಾಗಲೂ ಬೇಗ ಬೇಗ ನೋಡಿ ಮಲಗಿಸಿಬಿಡ್ತಾರೆ. ಅವತ್ತು ಸುಮ್ಮನೆ ನಿಂತೇ ಇದ್ದರು. ಮಗು ಅಲ್ಲೇ ನಿದ್ದೆ ಹೋಯ್ತು. ನನಗೂ ಕಣ್ಣು ಎಳೀತು.”

“ಆಮೇಲೆ?”

“ಮಲಗಿಸಿದರು. ಗೂಡಿನ ಹತ್ತಿರ ಹೋದರು. ಜೇಬಿಗೆ ಏನೋ ಹಾಕೋಕೆ ಹೋದರು. ಹೋಗಲಿಲ್ಲ. ಎರಡು ಮೂರು ಸಲ ತಡಕಾಡಿದರು. ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು. ಥರ್ಮಾಮೀಟರು ಇರಬೇಕು ಅಂದ್ಕೊಂಡೆ ನಾನು.”

“ಜೇಬಿಗೆ ಹೋಗಲಿಲ್ಲವೇ? ದಫೇದಾರರು ಜೇಬಿಗೆ ಹಾಕಿಕೊಂಡಳು ಅಂತ ಬರೆದಿದಾರಲ್ಲ?”

“ಅವರು ಅರ್ಧಕ್ಕೇ ಎದ್ದು ಹೋದರು.”

ಹೊರಗೆ ಬಂದೆವು. ಮಲ್ಲಾಜಮ್ಮನವರು ಜಗಲಿಯ ಕಂಬಕ್ಕೆ ಒರಗಿ ಹುಬ್ಬು ಗಂಟಿಕ್ಕಿದರು. ಮಳೆಹನಿ ಬೀಳತೊಡಗಿತ್ತು, ಗಾಳಿ ಮೈ ಕೊರೆಯುತ್ತಿತ್ತು. ನಾನು ಗಂಟು ಬಿಚ್ಚಿ ಹೊಸ ಜಾಕೀಟು ತೊಟ್ಟುಕೊಂಡೆ. ನಿಜ ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ಹೊಸ ಬಟ್ಟೆಯ ಖುಷಿ ಒಂದು ಚಿಟಿಕೆ ಇದ್ದೇ ಇತ್ತು.

“ಈ ಪೆನ್ಸಿಲು ಇಟ್ಕೊಂಡಿರು,” ಎಂದರು ಅವರು.

ಜೇಬಿಗೆ ಕೈ ಹಾಕಿದೆ. ಹೋಗಲಿಲ್ಲ. ಬೆರಳು ಬಟ್ಟೆಯ ಮೇಲೆ ಜಾರಿತು. ಮತ್ತೆ ಪ್ರಯತ್ನಿಸಿದೆ.

“ಏನಾಯ್ತು ಗೌರಾ?”

“ಜೇಬಿಗೆ ಬಾಯೇ ಇಲ್ಲ ಅಮ್ಮ!”

ಅವರು ಒಂದೇ ಹೆಜ್ಜೆಗೆ ನನ್ನ ಹತ್ತಿರ ಬಂದರು. ಜೇಬಿನ ಅಂಚು ಹಿಡಿದು ಬೆಳಕಿಗೆ ತಿರುಗಿಸಿದರು. ಅದೇ ಬೂದು ದಾರದಲ್ಲಿ ಬಾಯುದ್ದಕ್ಕೂ ಕಚ್ಚಾ ಹೊಲಿಗೆ. ಜೋತು ಬೀಳದೆ ನೆಟ್ಟಗಿರಲಿ ಎಂದು ಬೋರಯ್ಯ ಹಾಕಿ ಬಿಟ್ಟಿದ್ದ. ಕೊಂಡವರು ಮನೆಗೆ ಹೋಗಿ ಬಿಚ್ಚಿಕೊಳ್ಳಬೇಕು.

“ಎಳೀಬೇಡ. ಹಾಗೇ ಇರಲಿ,” ಎಂದರು. “ದಫೇದಾರರನ್ನ ಒಳಗೆ ಕರಿ. ಮನೆಯವರೆಲ್ಲ ಬರಲಿ. ಈಗಲೇ.”

ಗಂಡುಮಕ್ಕಳಿಬ್ಬರೂ ಮಂಡಿಯಲ್ಲಿದ್ದರು; ಉಳಿದವರೆಲ್ಲ ಮನೆಯ ನಡುವಿನ ತೊಟ್ಟಿಯ ಸುತ್ತ ಸೇರಿದರು. ಪುಟ್ಟಬಸವಯ್ಯ, ಗುರುಬಸಮ್ಮ, ಚಾಮಯ್ಯ, ಕಂಬದ ಹಿಂದೆ ಜವರಮ್ಮ, ಅಡುಗೆಮನೆಯ ಬಾಗಿಲಲ್ಲಿ ರುದ್ರಾಣಿ. ಸರ್ವಮಂಗಳಾ ಮಗುವನ್ನು ಎತ್ತಿಕೊಂಡು ತನ್ನ ಕೋಣೆಯ ಹೊಸಿಲ ಒಳಗೇ ನಿಂತಳು.

“ಮುತ್ತಮ್ಮ, ನಿನ್ನ ಕತ್ತರಿ ಕೊಡು,” ಎಂದರು ಮಲ್ಲಾಜಮ್ಮನವರು.

ಮುತ್ತಮ್ಮ ಜೇಬಿಗೆ ಕೈ ಹಾಕಿ ಕತ್ತರಿ ಕೊಟ್ಟಳು.

“ಗೌರಾ, ನೀನು ಪೆನ್ಸಿಲು ಜೇಬಿಗೆ ಹಾಕು.”

ಎಲ್ಲರ ಎದುರಿಗೆ ನಾನು ತಡಕಾಡಿದೆ. ಪೆನ್ಸಿಲು ನೆಲಕ್ಕೆ ಬಿತ್ತು.

“ಅಯ್ಯೋ! ಹೀಗೇ... ಅವತ್ತು ಹೀಗೇ ಮಾಡಿದರು!” ಸರ್ವಮಂಗಳಾ ಕೂಗಿದಳು.

“ನೋಡಿದಿರಾ ದಫೇದಾರ್ರೇ? ಮುತ್ತಮ್ಮ ಯುಗಾದಿಯಿಂದ ಈ ಜಾಕೀಟು ತೊಡ್ತಿದಾಳೆ. ದಿನಕ್ಕೆ ಇಪ್ಪತ್ತು ಸಲ ಅವಳ ಕೈ ಆ ಜೇಬಿಗೆ ಹೋಗುತ್ತೆ. ಜೇಬಿನ ಬಾಯಿ ಹೊಲಿದಿದೆ ಅಂತ ಗೊತ್ತಿಲ್ಲದೆ ತಡಕಾಡೋಳು ಯಾರು? ಅದನ್ನ ಅವತ್ತೇ ಮೊದಲ ಸಲ ತೊಟ್ಟೋಳು. ನೀವು ಬರೆದ ಮೂರು ಸಾಲಿನಲ್ಲಿ ಬಿಟ್ಟುಹೋದದ್ದು ಇದೇ.”

“ಅಂಗಾರೆ ಇನ್ನೊಂದ್ ಜಾಕೀಟ್ ಅದೆ ಅಂತೀರಾ?”

“ಇದೆ. ನಂಜನಗೂಡಿನಲ್ಲಿ ಸೋಮವಾರ ಸೋಡಿಯಲ್ಲಿ ಮಾರಿದ್ದು. ಗುರುಬಸಮ್ಮನೋರೇ, ಸೋಮವಾರ ನೀವು ಎಲ್ಲಿದ್ದಿರಿ?”

ಗುರುಬಸಮ್ಮನವರು ಸೆರಗು ಸರಿಮಾಡಿಕೊಂಡರು. “ದರ್ಶನಕ್ಕೆ ಹೋಗಿದ್ವಿ. ಮೊಮ್ಮಗ ಹುಟ್ಟಿದ ಹರಕೆ ಇತ್ತು. ನಾವು ಮೂರು ಜನ, ನಾನು, ರುದ್ರಾಣಿ, ಈ ಜವರಮ್ಮ. ಬರುವಾಗ ಗಂಗಾಧರಸ್ವಾಮಿ ಅಂಗಡೀಲಿ ಸೀರೆ ನೋಡಿದ್ವಿ. ಅಷ್ಟೇ.”

“ಮೂರು ಜನ. ಬೀದಿಯವರು ಯಾರೂ ಬಂದದ್ದು ನೋಡಿಲ್ಲ, ಹಿತ್ತಿಲಲ್ಲಿ ಯಾರೂ ಹೋದದ್ದು ನೋಡಿಲ್ಲ. ಅಂದರೆ ಬಂದವಳು ಹೊರಗಿನಿಂದ ಬರಲೇ ಇಲ್ಲ. ಈಗ ನಾನು ಒಂದೇ ಪ್ರಶ್ನೆ ಕೇಳ್ತೀನಿ. ಗುರುಬಸಮ್ಮನೋರು ಆ ಕೋಣೆಗೆ ಬೇಕಾದಾಗ ಹೋಗಬಹುದು. ಅಡ್ಡಿಕೆ ಬೇಕಿದ್ದರೆ ಕೈ ಚಾಚಿದರೆ ಸಾಕು. ಜವರಮ್ಮ ದಿನಾ ಮೂರು ಸಲ ನೀರು ಹೊತ್ತುಕೊಂಡು ಹೋಗ್ತಾಳೆ, ಯಾರೂ ತಲೆ ಎತ್ತಿ ನೋಡಲ್ಲ. ಇವರಿಬ್ಬರಿಗೆ ವೇಷ ಯಾಕೆ ಬೇಕು? ಆ ಹೊಸಿಲು ದಾಟೋಕೆ ಇನ್ನೊಬ್ಬರ ಬಟ್ಟೆ ಬೇಕಾಗಿದ್ದದ್ದು ಈ ಮನೇಲಿ ಯಾರಿಗೆ?”

ತೊಟ್ಟಿಯಲ್ಲಿ ಮಳೆ ಬೀಳುವ ಸದ್ದು.

“ರುದ್ರಾಣಿ, ಅದನ್ನ ತಗೊಂಡು ಬಾಮ್ಮ,” ಎಂದರು ಮಲ್ಲಾಜಮ್ಮನವರು.

ಅವಳು ಅಳಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಳಗೆ ಹೋದಳು. ತನ್ನ ಪೆಟ್ಟಿಗೆ ತೆಗೆದ ಸದ್ದಾಯಿತು. ಮಡಿಚಿದ ಬೂದು ಜಾಕೀಟನ್ನು ತಂದು ಮಲ್ಲಾಜಮ್ಮನವರ ಕೈಗೆ ಕೊಟ್ಟಳು. ಮಡಿಕೆಯೊಳಗೆ ಅಡ್ಡಿಕೆ ಇತ್ತು. ಜೇಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

“ಯಾಕಮ್ಮ?”

“ಕದಿಯೋಕೆ ಹೋಗಿರಲಿಲ್ಲ.” ಅವಳ ಧ್ವನಿ ಮೆಲ್ಲಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. “ಮಗೂನ ನೋಡಬೇಕಿತ್ತು. ಗೋಡೆ ಈಚೆ ಕೂತು ಆರು ದಿನ ಅದು ಅಳೋದನ್ನ ಕೇಳಿದೆ. ಅಂಗಡೀಲಿ ಈ ಜಾಕೀಟು ಕಂಡಿತು. ಇದನ್ನ ತೊಟ್ಟೋರಿಗೆ ಆ ಬಾಗಿಲು ತೆಗೀತಾರಲ್ಲ ಅನ್ನಿಸಿತು. ಎತ್ಕೊಂಡೆ. ಬೆಚ್ಚಗಿತ್ತು. ಆಮೇಲೆ ಗೂಡಿನಲ್ಲಿ ಅದು ಕಾಣಿಸ್ತು. ಒಂಬತ್ತು ವರ್ಷ ನನ್ನ ಕತ್ತಿನಲ್ಲಿತ್ತು. ಕೈ ಹೋಯ್ತು. ವಾಪಸು ಇಡಬೇಕು ಅಂದ್ಕೊಳ್ಳೋ ಹೊತ್ತಿಗೆ ಕೂಗು ಬಿತ್ತು.”

“ಅಕ್ಕಾ,” ಸರ್ವಮಂಗಳಾ ಹೊಸಿಲಿನಿಂದಲೇ ಅಂದಳು, “ಒಂದು ಮಾತು ನನ್ನನ್ನ ಕೇಳಿದ್ದರೆ...”

“ಕೇಳಿದೆ. ಮೂರು ಸಲ ಬಾಗಿಲಲ್ಲಿ ನಿಂತು ಕೇಳಿದೆ. ನೀನು ಅತ್ತೆ ಮುಖ ನೋಡಿದೆ.”

ಸರ್ವಮಂಗಳಾ ತಲೆ ತಗ್ಗಿಸಿದಳು.

ಮುತ್ತಮ್ಮ ಈಗ ರುದ್ರಾಣಿಯ ಎದುರಿಗೆ ಹೋಗಿ ನಿಂತಳು. ಹೊಡೆದೇ ಬಿಡುತ್ತಾಳೆ ಎಂದುಕೊಂಡೆ.

“ನನ್ನ ಪೆಟ್ಟಿಗೇನ ಬೀದೀಲಿ ಸುರಿದರು. ಕೇಳಿಸಿತಾ ನಿಮಗೆ? ಗುರುವಾರದಿಂದ ಇವತ್ತಿನವರೆಗೆ ಬಾಯಿ ಬಿಡಬಹುದಾಗಿತ್ತಲ್ಲ?”

“ಹೆದರಿಕೆ ಆಯ್ತು.”

“ನನಗೂ ಆಗಿತ್ತು!”

ಪುಟ್ಟಬಸವಯ್ಯನವರು ಕೆಮ್ಮಿದರು. “ಆಯ್ತಲ್ಲ, ಮನೆ ವಿಷಯ. ದಫೇದಾರ್ರೇ, ಒಡವೆ ಮನೇಲೇ ಸಿಕ್ತು ಅಂತ ಬರೆದುಬಿಡಿ.”

“ಬರೆದರೆ ಸಾಲದು ಯಜಮಾನ್ರೇ,” ಮುತ್ತಮ್ಮ ತಿರುಗಿದಳು. “ಬೀದಿ ತುಂಬ ಜನ ನೋಡ್ತಿರುವಾಗ ನನ್ನನ್ನ ಕಳ್ಳಿ ಮಾಡಿದಿರಿ. ಅದೇ ಬೀದೀಲಿ, ಅಷ್ಟೇ ಜನದ ಮುಂದೆ, ಅಲ್ಲ ಅಂತ ನೀವೇ ಹೇಳಬೇಕು. ಮುಡುಕುತೊರೆಗೆ ನಿಮ್ಮ ಗಾಡಿ ಹೋಗಬೇಕು, ನಿಮ್ಮ ಮಾತು ತಗೊಂಡು. ಈಗಲೇ. ಮಳೆ ನಿಲ್ಲಲಿ ಅಂತ ಕಾಯೋಹಾಗಿಲ್ಲ.”

ಅವರು ಮಲ್ಲಾಜಮ್ಮನವರ ಮುಖ ನೋಡಿದರು. ಅಲ್ಲಿ ಸಹಾಯ ಸಿಗಲಿಲ್ಲ. ಛತ್ರಿ ತೆಗೆದುಕೊಂಡು ಬೀದಿಗೆ ಇಳಿದರು. ಚಾಮಯ್ಯ ಹಿಂದೆಯೇ ಹೋದ. ಎದುರು ಅಂಗಡಿಯ ಮುಂದೆ ನಿಂತು ಯಜಮಾನರು ತೊದಲುತ್ತ ಹೇಳಿದ್ದನ್ನು ನಾನೇ ಕೇಳಿದೆ. ಸಂಜೆಯ ಹೊತ್ತಿಗೆ ಗಾಡಿ ಮರಳಿತು. ಚಿಕ್ಕಮಾದಮ್ಮನಿಗೆ ನೋವು ಇನ್ನೂ ಶುರುವಾಗಿಲ್ಲ, ಬೆಳಿಗ್ಗೆ ಮುತ್ತಮ್ಮಾರು ಬಂದೇ ಬರಬೇಕು ಎಂದು ಅವಳ ಗಂಡ ಹೇಳಿ ಕಳಿಸಿದ್ದ.

ಇನ್ನೊಂದು ಗಾಡಿಯೂ ಸಿದ್ಧವಾಗುತ್ತಿತ್ತು. ರುದ್ರಾಣಿಯನ್ನು ಬೆಳಿಗ್ಗೆ ಹುಲ್ಲಹಳ್ಳಿಯ ತವರಿಗೆ ಬಿಟ್ಟುಬರಲು. ಗುರುಬಸಮ್ಮನವರ ಅಪ್ಪಣೆ. ಅವಳು ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಒಂದು ಗಂಟು. ಯಾರೂ ಅವಳ ಹತ್ತಿರ ಹೋಗುತ್ತಿರಲಿಲ್ಲ.

ನನಗೆ ಕೂರಲಾಗಲಿಲ್ಲ. “ನಾವು ಮಾಡಿದ್ದು ಸರಿಯೇ ಅಮ್ಮ?” ಎಂದು ಮಲ್ಲಾಜಮ್ಮನವರನ್ನು ಕೇಳಿದೆ.

“ಮುತ್ತಮ್ಮನ ವಿಷಯದಲ್ಲಿ ಸರಿ,” ಎಂದಷ್ಟೇ ಹೇಳಿ ಅವರು ಮಳೆಯ ಕಡೆ ಮುಖ ತಿರುಗಿಸಿದರು.

ಮಗುವಿಗೆ ನೀರು ಹಾಕುವ ಹೊತ್ತಾಯಿತು. ಮುತ್ತಮ್ಮ ತೋಳು ಮಡಚಿ, ಗುಂಡಿ ಹಾಕಿಕೊಂಡು, ಬಾಣಂತಿಯ ಕೋಣೆಗೆ ಹೋದಳು. ಜವರಮ್ಮ ಬಿಸಿನೀರಿನ ತಂಬಿಗೆ ಹಿಡಿದು ಹಿಂದೆ ಹೊರಟಳು.

“ನೀನು ಅಲ್ಲಿಡು ಜವರಮ್ಮ,” ಒಳಗಿನಿಂದ ಮುತ್ತಮ್ಮನ ಧ್ವನಿ. ಅವಳು ಬಾಗಿಲಿಗೆ ಬಂದು ಅಡುಗೆಮನೆಯ ಕಡೆ ನೋಡಿದಳು. “ರುದ್ರಾಣಮ್ಮನೋರೇ, ನೀರು ಹೊಯ್ಯೋಕೆ ಒಂದು ಕೈ ಬೇಕು. ಬನ್ನಿ.”

ರುದ್ರಾಣಿ ಕದಲಲಿಲ್ಲ.

“ಅವಳು ಯಾಕೆ? ಅವಳನ್ನ ಆ ಕೋಣೆಗೆ...” ಗುರುಬಸಮ್ಮನವರು ಎದ್ದರು.

“ಈ ಕೋಣೇಲಿ ಯಾರಿರಬೇಕು, ಯಾರಿರಬಾರದು ಅಂತ ಹೇಳೋಳು ನಾನು. ಸರ್ಕಾರ ಅದಕ್ಕೇ ನನಗೆ ಸಂಬಳ ಕೊಡೋದು.” ಮುತ್ತಮ್ಮ ಮತ್ತೆ ರುದ್ರಾಣಿಯತ್ತ ತಿರುಗಿದಳು. “ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಅಂದ್ಕೋಬೇಡಿ, ಇಳಿದಿಲ್ಲ. ನೀರು ಆರಿಹೋಗುತ್ತೆ, ಏಳಿ.”

ಅವಳು ಎದ್ದಳು. ತನ್ನ ಹಳೆಯ ಹಸಿರು ಸೀರೆಯಲ್ಲೇ, ತಲೆಯ ಮೇಲೆ ಸೆರಗಿಲ್ಲದೆ, ತೊಟ್ಟಿಯ ಪಕ್ಕದಿಂದ ನಡೆದು ಬಂದಳು. ಹೊಸಿಲ ಮುಂದೆ ಕಾಲು ತಡೆಯಿತು. ಒಳಗಿನಿಂದ ಸರ್ವಮಂಗಳಾ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡಳು.